ಮೂಗಿನ ಬೋಗುಣಿ

ಶಾವ್ ದಮಾವ್ ಗುವಾಂಗ್‌ಜೌ ಬಂದರಿಗೆ ಹೋಗಿಬಂದವನು ಎಂಬ ಮಾತು ನಮ್ಮ ಜಿಂಗ್‌ದೆಜೆನ್ ಊರಿನಲ್ಲಿ ಪಿಂಗಾಣಿ ಸುಡುವ ಆವಿಗೆಯ ಹೊಗೆಯಷ್ಟೇ ದಟ್ಟವಾಗಿ ಹಬ್ಬಿತ್ತು. ಹಬ್ಬಿಸಿದವನು ಅವನೇ. ನಿಜವಾಗಿ ಅವನು ಹೋದದ್ದು ನಾನ್‌ಆನ್ ಊರಿನವರೆಗೆ. ಅಲ್ಲಿ ದೋಣಿ ಇಳಿದು, ಘಟ್ಟ ಹತ್ತಿ, ಆಚೆ ಇಳಿದರೆ ಗುವಾಂಗ್‌ಜೌ ದಾರಿ ಸಿಗುತ್ತದೆ. ಶಾವ್ ದೋಣಿಯನ್ನೇನೋ ಇಳಿದ. ಆದರೆ ಅಂದು ಛತ್ರದಲ್ಲಿ ತಿಂದ ಏಡಿ ಹೊಟ್ಟೆಗೆ ಒಗ್ಗದೆ, ಹದಿನೆಂಟು ದಿನ ಹಾಸಿಗೆಗೂ ಹಿತ್ತಿಲಿಗೂ ಓಡಾಡಿ, ಹತ್ತೊಂಬತ್ತನೆಯ ದಿನ ಅದೇ ದೋಣಿಯಲ್ಲಿ ಮರಳಿದ. ಪಕ್ಕದ ಹಾಸಿಗೆಯಲ್ಲಿದ್ದ ಚಹಾ ವ್ಯಾಪಾರಿಯೊಬ್ಬ ಹೊತ್ತು ಹೋಗದೆ ಹೇಳಿದ ಪರದೇಶಿಗಳ ಕಥೆಗಳೇ ಅವನು ಆ ಪ್ರಯಾಣದಲ್ಲಿ ಸಂಪಾದಿಸಿ ತಂದ ವಿದ್ಯೆ.

ಈ ಗುಟ್ಟು ಗೊತ್ತಿದ್ದವರು ಇಬ್ಬರು. ಒಬ್ಬಳು ಅವನ ಹೆಂಡತಿ ಜೂನ್ಯಾಂಗ್. ಅವನು ತಂದ ಬಟ್ಟೆ ಒಗೆದವಳು ಅವಳು. ಇನ್ನೊಬ್ಬ ನಾನು. ಪಿಂಗಾಣಿಗೆ ಭತ್ತದ ಹುಲ್ಲು ಸುತ್ತಿ ದೋಣಿಗೆ ಕಟ್ಟಿಕೊಡುವುದು ನನ್ನ ಕೆಲಸ. ದೋಣಿಯವರು ನನ್ನ ಹತ್ತಿರ ಹೇಳದ ಸುದ್ದಿಯಿಲ್ಲ. ನಾನು ಮಾತ್ರ ಯಾರಿಗೂ ಹೇಳಲಿಲ್ಲ. ಸುತ್ತಿಡುವುದೇ ನನ್ನ ವೃತ್ತಿ.

ಶಾವ್‌ನದು ಬಣ್ಣದ ಕಾರ್ಖಾನೆ. ಆವಿಗೆಯಲ್ಲಿ ಬೆಂದು ಬಂದ ಪಾತ್ರೆಗಳ ಮೇಲೆ ಕೆಂಪು, ಚಿನ್ನ ಬರೆದು ಸಣ್ಣ ಒಲೆಯಲ್ಲಿ ಮತ್ತೊಮ್ಮೆ ಸುಡುತ್ತಿದ್ದ. ಅವನ ಕೈಯಲ್ಲಿ ಅರಳಿದ ಸೇವಂತಿಗೆಗೆ ದುಂಬಿ ಬಂದು ಮೋಸ ಹೋದದ್ದನ್ನು ಕಣ್ಣಾರೆ ಕಂಡವರಿದ್ದಾರೆ. ಕೈ ಅಂಥದ್ದು. ತೊಂದರೆಯೆಲ್ಲ ಬಾಯಿಯಿಂದ.

ಕಾಂಗ್‌ಶಿ ಚಕ್ರವರ್ತಿಯ ಆಳ್ವಿಕೆಯ ಐವತ್ತನೆಯ ವರ್ಷ, ವಸಂತದಲ್ಲಿ, ದಲ್ಲಾಳಿ ಹುವಾಂಗ್ ಒಂದು ಪೆಟ್ಟಿಗೆಯನ್ನು ಮಗುವಿನ ಹಾಗೆ ಎತ್ತಿಕೊಂಡು ನಮ್ಮ ಕೇರಿಗೆ ಬಂದ. ಸುದ್ದಿ ಅವನಿಗಿಂತ ಮುಂಚೆ ಬಂದಿತ್ತು. ಶಾವ್‌ನ ಅಂಗಳದಲ್ಲಿ ಕುಂಬಾರ ಜೆಂಗ್, ಆವಿಗೆಯ ಬೆಂಕಿ ಕಾಯುವ ಫೆಂಗ್ ಅಜ್ಜ, ಅಕ್ಕಪಕ್ಕದ ಹೆಂಗಸರು, ನಾನು, ಎಲ್ಲ ಸೇರಿದ್ದೆವು.

"ಜಪಾನಿನ ಮಾದರಿ ಇದು," ಎಂದ ಹುವಾಂಗ್. "ಪರದೇಶಿ ಹಡಗಿನವರು ಕೊಟ್ಟಿದ್ದಾರೆ. ಇಂಥವೇ ಮುನ್ನೂರು ಬೇಕಂತೆ. ಚಳಿಗಾಲದ ಗಾಳಿಗೆ ಹಡಗು ಹೊರಡೋದ್ರೊಳಗೆ ಗುವಾಂಗ್‌ಜೌ ತಲುಪಬೇಕು."

ಹತ್ತಿಯನ್ನು ಸರಿಸಿ ಅವನು ಅದನ್ನು ಹೊರತೆಗೆದ. ಹುಟ್ಟಿದಾಗಿನಿಂದ ಪಿಂಗಾಣಿಯ ನಡುವೆ ಬೆಳೆದ ಜನ ನಾವು. ನಮ್ಮ ಗೋಡೆ ಪಿಂಗಾಣಿ ಚೂರಿನದು, ನಮ್ಮ ಹೊಳೆಯ ತಳ ಪಿಂಗಾಣಿ ಚೂರಿನದು. ಆದರೂ ಆ ಕ್ಷಣ ಯಾರೂ ಕೆಮ್ಮಲಿಲ್ಲ. ಅದೊಂದು ಅಗಲವಾದ ಬೋಗುಣಿ. ಒಳತಳದಲ್ಲಿ ಗಾಢ ನೀಲಿ, ಮಳೆಗೆ ಮುಂಚಿನ ಬೆಟ್ಟದ ಹಾಗೆ. ಅದರ ಮೇಲೆ ಇಟ್ಟಿಗೆಗೆಂಪಿನ ಹೂಗಳು, ಒಂದೊಂದು ಎಸಳಿಗೂ ಕೂದಲೆಳೆಯ ಚಿನ್ನದ ಅಂಚು. ಬಿಸಿಲು ಬಿದ್ದಾಗ ಬೋಗುಣಿಯೊಳಗೆ ಯಾರೋ ಹಬ್ಬ ಮಾಡುತ್ತಿದ್ದಾರೆ ಅನ್ನಿಸಿತು.

"ನೀಲಿಯೂ ನಮ್ಮದೇ, ಬಿಳಿಯೂ ನಮ್ಮದೇ," ಎಂದರು ಫೆಂಗ್ ಅಜ್ಜ. "ಯುದ್ಧದ ಕಾಲದಲ್ಲಿ ನಮ್ಮ ಆವಿಗೆ ಆರಿ ಕೂತಿದ್ವು. ಹಡಗಿನವರು ಅತ್ತ ಹೋದ್ರು. ನಮ್ಮನ್ನ ನೋಡಿ ಕಲ್ತವರು ಜಪಾನಿನವರು. ಈಗ ಅವರನ್ನ ನೋಡಿ ನಾವು ಕಲೀಬೇಕಂತೆ. ಮೊಮ್ಮಗ ಬಂದು ಅಜ್ಜನಿಗೆ ಅಕ್ಷರ ತಿದ್ದಿಸಿದ ಹಾಗಾಯ್ತು."

ಬೈದರು ನಿಜ. ಆದರೆ ಅವರ ಕಣ್ಣು ಬೋಗುಣಿಯನ್ನು ಬಿಟ್ಟು ಕದಲಿರಲಿಲ್ಲ.

ಆಗ ಜೂನ್ಯಾಂಗ್ ಕೇಳಿದಳು: "ಅಂಚು ಯಾಕೆ ಹಾಗಿದೆ?"

ಬೋಗುಣಿಯ ಅಂಚಿನಲ್ಲಿ ಒಂದು ಕಡೆ ಅರ್ಧಚಂದ್ರದಷ್ಟು ಭಾಗ ಇರಲೇ ಇಲ್ಲ. ರೊಟ್ಟಿಯನ್ನು ಯಾರೋ ಕಚ್ಚಿದ ಹಾಗೆ. ಜೆಂಗ್ ಬೆರಳಾಡಿಸಿ ನೋಡಿದ. "ಕಚ್ಚಿದ ಕಡೆಯೂ ಮೆರುಗು ಹತ್ತಿದೆ. ಒಡೆದದ್ದಲ್ಲ, ಬೇಕಂತಲೇ ಕೊಯ್ದದ್ದು."

"ಯಾತಕ್ಕೆ?"

"ನನ್ನ ಕೇಳ್ಬೇಡಿ," ಎಂದ ಹುವಾಂಗ್. "ನಾನು ಇನ್ನೊಬ್ಬ ದಲ್ಲಾಳಿಯಿಂದ ತಂದೆ. ಅವನು ಮತ್ತೊಬ್ಬನಿಂದ. ಕೇಳಿದ್ರೆ ದಡ್ಡ ಅಂದ್ಕೋತಾರೆ ಅಂತ ಯಾರೂ ಕೇಳಿಲ್ಲ."

ಅಂಗಳದಲ್ಲಿದ್ದ ಮುಖಗಳೆಲ್ಲ ಒಂದೊಂದಾಗಿ ಶಾವ್‌ನ ಕಡೆ ತಿರುಗಿದವು. ಗುವಾಂಗ್‌ಜೌ ಕಂಡುಬಂದವನು ಊರಿಗೆಲ್ಲ ಅವನೊಬ್ಬನೇ. ಜೂನ್ಯಾಂಗ್ ಮಾತ್ರ ಚಹಾ ತರುವ ನೆಪದಲ್ಲಿ ಒಳಗೆ ಹೋದಳು. ನೋಡಲಾರದ್ದನ್ನು ನೋಡಬೇಕಾಗಿ ಬಂದಾಗ ಅವಳು ಚಹಾ ತರುತ್ತಿದ್ದಳು.

ಶಾವ್ ಗಂಟಲು ಸರಿಪಡಿಸಿಕೊಂಡ. "ಇಷ್ಟೂ ಗೊತ್ತಿಲ್ವಾ? ಇದು ಸಾರು ಕುಡಿಯೋ ಬೋಗುಣಿ. ಈ ಕಂಡಿ ಪರದೇಶಿಗಳ ಮೂಗಿಗೆ."

"ಮೂಗಿಗಾ?"

"ಮತ್ತೆ? ಬೋಗುಣಿ ಬಾಯಿಗೆ ಹಿಡಿದರೆ ಅವರ ಮೂಗು ಸಾರಿನಲ್ಲಿ ಮುಳುಗುತ್ತೆ. ಬಿಸಿ ಸಾರು. ಎಷ್ಟು ಜನ ಸುಟ್ಕೊಂಡಿದ್ದಾರೋ ಪಾಪ."

ಜೆಂಗ್ ಕಂಡಿಯೊಳಗೆ ತನ್ನ ಅಂಗೈಯನ್ನು ಇಟ್ಟು ನೋಡಿದ. ಅಂಗೈ ಪೂರ್ತಿ ಹೋಗಿ ಇನ್ನೂ ಜಾಗ ಉಳಿಯಿತು. ಲೋಕ ಎಷ್ಟು ದೊಡ್ಡದು, ಅದರಲ್ಲಿ ಎಂಥೆಂಥ ಮೂಗುಗಳಿವೆ ಎಂಬ ಬೆರಗು ಎಲ್ಲರನ್ನೂ ಒಟ್ಟಿಗೆ ಹಿಡಿದಿತ್ತು. ಪಕ್ಕದ ಮನೆಯ ಮುದುಕಿಯೊಬ್ಬಳು ತನ್ನ ಮೂಗನ್ನು ಮುಟ್ಟಿಕೊಂಡು, "ನಮಗೆ ದೇವರು ಇಷ್ಟೇ ಕೊಟ್ಟ," ಎಂದಳು.

ಸುಳ್ಳಿಗೆ ಒಮ್ಮೆ ಅನ್ನ ಹಾಕಿದರೆ ಸಾಕುತ್ತಲೇ ಇರಬೇಕು. ಮರುದಿನ ಶಾವ್ ಹೊಸ ಯೋಜನೆಯೊಂದಿಗೆ ಬಂದ: ಎಲ್ಲರ ಮೂಗೂ ಒಂದೇ ಅಳತೆಯದಿರಲಾರದು, ಆದ್ದರಿಂದ ನೂರು ದೊಡ್ಡ ಕಂಡಿ, ನೂರು ನಡುವಿನದು, ನೂರು ಹೆಂಗಸರ ಮೂಗಿಗೆ. ಜೆಂಗ್ ಅಂಚು ಕೊಯ್ಯುವ ಬಿದಿರಿನ ಚಾಕು ಕೆಳಗಿಟ್ಟ. ಜಗಳ ಫೆಂಗ್ ಅಜ್ಜನವರೆಗೆ ಹೋಯಿತು.

"ಮೂಗು ಅವರದು, ಕೆಲಸ ನಮ್ಮದು," ಎಂದರು ಅಜ್ಜ. "ಮಾದರಿಯಲ್ಲಿ ಏನಿದೆಯೋ ಅದು. ಕೂದಲಷ್ಟು ಹೆಚ್ಚಿಲ್ಲ, ಕೂದಲಷ್ಟು ಕಮ್ಮಿಯಿಲ್ಲ. ನಿನ್ನ ಬುದ್ಧಿಯನ್ನ ಮನೇಲಿ ಬಿಟ್ಟು ಬಾ."

ಕೆಲಸ ಹಾಗೇ ನಡೆಯಿತು. ಮೊದಲು ಸುಟ್ಟ ಒಂದು ಬೋಗುಣಿಯನ್ನು ಶಾವ್ ಬರೆದು ಮುಗಿಸಿ ಮಾದರಿಯ ಪಕ್ಕದಲ್ಲಿಟ್ಟ. ಯಾವುದು ಸಮುದ್ರದಾಚೆಯದು, ಯಾವುದು ನಮ್ಮ ಕೇರಿಯದು ಎಂದು ದಲ್ಲಾಳಿಗೇ ತಿಳಿಯಲಿಲ್ಲ. ಕೊನೆಗೆ ಅಜ್ಜ ಎರಡನ್ನೂ ಉಗುರಿನಿಂದ ತಟ್ಟಿ, ನಮ್ಮದರ ದನಿ ತಿಳಿಯಾಗಿದೆ ಎಂದು ಹೇಳಿ, ಮುಖ ತಿರುಗಿಸಿ ಕಣ್ಣೊರೆಸಿಕೊಂಡರು. ಆವಿಗೆಯ ಹೊಗೆ ಎಂದರು. ಅಂದು ಆವಿಗೆ ಹಚ್ಚಿರಲಿಲ್ಲ.

ಮೂಗಿನ ಸುದ್ದಿ ಠಾಣೆಯ ಅಧಿಕಾರಿ ಮೆಂಗ್‌ರ ಕಿವಿ ತಲುಪಲು ಎರಡು ತಿಂಗಳು ಬೇಕಾಯಿತು. ಅವರು ಶಾವ್‌ನನ್ನೂ ಅವನು ಮೊದಲು ಬರೆದ ಬೋಗುಣಿಯನ್ನೂ ಒಟ್ಟಿಗೆ ಕರೆಸಿದರು. ಹುಲ್ಲು ಸುತ್ತಿ ಹೊತ್ತವನು ನಾನಾದ್ದರಿಂದ ನಾನೂ ಹೋದೆ.

"ಪರದೇಶಿಗಳ ಮೂಗು ಗೇಣುದ್ದ ಇರುತ್ತಂತೆ. ನಿಜವೇನು?"

"ಗೇಣು ಅಂದ್ರೆ ಸಾಧಾರಣ ಜನರದು, ಧಣಿ. ಶ್ರೀಮಂತರದು ಇನ್ನೂ ಸ್ವಲ್ಪ."

"ತೋರಿಸು."

ಅಡುಗೆಮನೆಯಿಂದ ಬಾತುಕೋಳಿ ಸಾರು ಬಂತು. ಹಿಟ್ಟೂ ಬಂತು. ಅಡುಗೆಯವನು ಕಡುಬಿನ ಹಿಟ್ಟಿನಲ್ಲಿ ಬದನೆಕಾಯಿ ಗಾತ್ರದ ಮೂಗು ಮಾಡಿ ಶಾವ್‌ನ ಮುಖಕ್ಕೆ ಅಂಟಿಸಿದ. ಶಾವ್ ಆ ಮೂಗನ್ನು ಕಂಡಿಯಲ್ಲಿ ತೂರಿಸಿ ಸಾರನ್ನು ಒಂದು ಹನಿ ಚೆಲ್ಲದೆ ಕುಡಿದು ಮುಗಿಸಿದ. ಮೂಗು ಮಾತ್ರ ಬಿಸಿಗೆ ಮೆತ್ತಗಾಗಿ ಕೊನೆಯಲ್ಲಿ ಜೋತುಬಿತ್ತು.

ಅಧಿಕಾರಿ ಮೆಂಗ್ ಬಗ್ಗಿ ಖಾಲಿ ಬೋಗುಣಿಯೊಳಗೆ ಇಣುಕಿದರು. "ಇಪ್ಪತ್ತು ವರ್ಷ ಓದಿದೆ," ಎಂದರು. "ಯಾವ ಗ್ರಂಥದಲ್ಲೂ ಇದು ಇರಲಿಲ್ಲ." ಬೋಗುಣಿಯನ್ನು ತಮ್ಮ ಮೇಜಿನ ಮೇಲೆ ಉಳಿಸಿಕೊಂಡು, ಪರದೇಶಿಗಳ ಮೂಗಿನ ಅಳತೆ, ಸಾರು ಕುಡಿಯುವ ಕ್ರಮ, ಎಲ್ಲವನ್ನೂ ಅಂದವಾದ ಅಕ್ಷರದಲ್ಲಿ ಬರೆದು ಜಿಲ್ಲೆಯ ಕಚೇರಿಗೆ ವರದಿ ಕಳಿಸಿದರು.

ಆ ವೇಳೆಗೆ ಮುನ್ನೂರು ಬೋಗುಣಿಗಳೂ ಮುಗಿದು ನನ್ನ ಉಗ್ರಾಣಕ್ಕೆ ಬಂದಿದ್ದವು. ಇನ್ನು ಹುಲ್ಲು ಸುತ್ತಬೇಕು ಎನ್ನುವಷ್ಟರಲ್ಲಿ ಠಾಣೆಯ ಜನ ಬಂದು ಬಾಗಿಲಿಗೆ ಮೊಹರು ಹಾಕಿ ಹೋದರು. ಜಿಲ್ಲೆಯಿಂದ ಉತ್ತರ ಬಂದಿತ್ತು: ಕಚೇರಿಯಲ್ಲಿ ಲೂ ಎಂಬ ಪರದೇಶಿ ಪಾದ್ರಿ ತಿಂಗಳಿಂದ ತಂಗಿದ್ದಾನೆ, ಅವನ ಮೂಗು ಎರಡು ಬೆರಳಷ್ಟಿದೆ, ಸರ್ಕಾರದ ಜತೆ ಚೇಷ್ಟೆ ಮಾಡಿದವರು ಯಾರು, ಪಾದ್ರಿಯನ್ನೇ ಕಳಿಸಿದ್ದೇವೆ, ವಿಚಾರಣೆ ಮುಗಿಯುವವರೆಗೆ ಒಂದು ಬೋಗುಣಿಯೂ ಊರು ಬಿಡಕೂಡದು.

ನಮ್ಮ ಕೇರಿಯ ಮೂವತ್ತು ಮನೆಗಳ ಚಳಿಗಾಲ ಆ ಬಾಗಿಲ ಹಿಂದೆ ಇತ್ತು. ಹಡಗು ನಮಗಾಗಿ ಕಾಯುವುದಿಲ್ಲ. ಶಾವ್‌ನ ಮನೆಯ ಮುಂದೆ ನಡೆಯುವಾಗ ಜನ ಮಾತು ನಿಲ್ಲಿಸತೊಡಗಿದರು. ಜೆಂಗ್ ಬೈಯಲಿಲ್ಲ, ಅದೇ ಹೆಚ್ಚು ನೋವು ಎಂದು ಜೂನ್ಯಾಂಗ್ ಹೇಳಿದಳು.

ಮೂರನೆಯ ದಿನ ಬೆಳಗ್ಗೆ ಶಾವ್‌ಗೆ ಕರೆ ಬಂತು. ಕೇರಿಯೇ ಅವನ ಹಿಂದೆ ಹೊರಟಿತು.

ಠಾಣೆಯ ಅಂಗಳದ ನಡುವೆ ಒಂದು ಕುರ್ಚಿ. ಅದರ ಪಕ್ಕದಲ್ಲಿ ಊರಿನ ಕ್ಷೌರಿಕ ಗಾನ್, ಕತ್ತಿಯನ್ನು ಚರ್ಮದ ಪಟ್ಟಿಗೆ ತಿಕ್ಕುತ್ತ ನಿಂತಿದ್ದ. ಮೇಜಿನ ಮೇಲೆ ಆ ಬೋಗುಣಿ. ಅಧಿಕಾರಿ ಮೆಂಗ್ ಜಗಲಿಯಲ್ಲಿ ಕುಳಿತು, ಶಾವ್‌ನನ್ನು ನೋಡಿದರೂ ಒಂದೂ ಮಾತಾಡಲಿಲ್ಲ. ಅವರ ಬಳಿ ಎತ್ತರದ ಮನುಷ್ಯನೊಬ್ಬ, ಎದೆಯವರೆಗೆ ಕಂದು ಗಡ್ಡ, ನಮ್ಮವರ ಹಾಗೇ ನಿಲುವಂಗಿ. ಕೇರಿಯವರೆಲ್ಲ ಮೊದಲು ನೋಡಿದ್ದು ಅವನ ಮೂಗನ್ನು. ಸ್ವಲ್ಪ ಉದ್ದವೇ. ಆದರೆ ಸಾರಿನಲ್ಲಿ ಮುಳುಗುವಂಥದ್ದಲ್ಲ.

ಲೂ ಪಾದ್ರಿ ನಮ್ಮ ಭಾಷೆಯನ್ನು ಗ್ರಂಥಗಳಿಂದಲೇ ಕಲಿತವನು. "ಮಹಾಶಯರು ಈ ಪೀಠದಲ್ಲಿ ಆಸೀನರಾಗಬೇಕು," ಎಂದ.

ಶಾವ್ ಕುಳಿತ.

"ಈಗ ತಮ್ಮ ಕಂಠವನ್ನು ಈ ಪಾತ್ರೆಗೆ ಒಪ್ಪಿಸಬೇಕು."

ಪಾದ್ರಿ ಬೋಗುಣಿಯನ್ನು ಎತ್ತಿ ಶಾವ್‌ನ ಗದ್ದದ ಕೆಳಗೆ ಹಿಡಿದ. ಕಂಡಿ ಅವನ ಕೊರಳಿಗೆ ಅಳತೆ ತೆಗೆದು ಮಾಡಿದ ಹಾಗೆ ಕೂತಿತು. ಗಾನ್ ಕತ್ತಿ ಹಿಡಿದು ಮುಂದೆ ಬಂದ. ಅಂಗಳದಲ್ಲಿದ್ದ ನಮಗೆಲ್ಲ ಬೋಗುಣಿಯ ಅರ್ಥ ಒಂದೇ ಸಲ ಹೊಳೆಯಿತು.

"ಓಹೋ, ರಕ್ತ ನೆಲಕ್ಕೆ ಚೆಲ್ಲಬಾರದಲ್ಲ," ಎಂದು ನನ್ನ ಹಿಂದೆ ಯಾರೋ ಮೆಚ್ಚುಗೆಯಿಂದ ಹೇಳಿದರು. "ಎಂಥ ಅಚ್ಚುಕಟ್ಟಿನ ಜನ."

ಶಾವ್ ಮಾತಾಡತೊಡಗಿದ. ಬೋಗುಣಿಯೊಳಗೇ ಮಾತಾಡಿದ್ದರಿಂದ ದನಿ ಬಾವಿಯೊಳಗಿನಿಂದ ಬಂದ ಹಾಗೆ ಮೊಳಗಿತು. "ಧಣಿ, ನಾನು ಗುವಾಂಗ್‌ಜೌ ನೋಡಿಲ್ಲ. ಸಮುದ್ರ ನೋಡಿಲ್ಲ. ಪರದೇಶಿಯನ್ನ ಇವತ್ತೇ ನೋಡ್ತಿರೋದು. ನಾನ್‌ಆನ್‌ನಲ್ಲಿ ಹದಿನೆಂಟು ದಿನ ಮಲಗಿದ್ದೆ. ಮೂಗು ನನ್ನ ತಲೆಯಿಂದ ಬಂತು. ಜೆಂಗ್‌ದಾಗಲಿ ಅಜ್ಜನದಾಗಲಿ ಏನೂ ತಪ್ಪಿಲ್ಲ. ನನ್ನ ತಲೆ ತಗೊಳ್ಳಿ, ಬೋಗುಣಿಗಳನ್ನ ಕಳಿಸಿಬಿಡಿ."

ಬಾಯಿಯಿಂದಲೇ ಕೆಟ್ಟ ಮನುಷ್ಯ ಅಂಥದ್ದೊಂದು ಮಾತನ್ನು ಎಲ್ಲಿ ಇಟ್ಟುಕೊಂಡಿದ್ದನೋ. ಜೆಂಗ್ ತಲೆ ತಗ್ಗಿಸಿದ.

"ಏಡಿ ವಿಷಯನೂ ಹೇಳಿ," ಎಂದಳು ಜೂನ್ಯಾಂಗ್, ಅಳುತ್ತಲೇ.

"ಏಡಿನೂ ತಿಂದಿದ್ದೆ, ಧಣಿ."

ಪಾದ್ರಿ ಗೊಂದಲದಿಂದ ಎಲ್ಲರ ಮುಖ ನೋಡಿದ. ಬಳಿಕ ಬೋಗುಣಿಯಲ್ಲಿ ಬಿಸಿನೀರು ಸುರಿದು, ಅಂಟುವಾಳದ ಕಾಯಿ ತಿಕ್ಕಿ, ಬುಗ್ಗೆಂದು ಎದ್ದ ನೊರೆಯನ್ನು ಶಾವ್‌ನ ಕೆನ್ನೆಗಳಿಗೆ ಬಳಿದ. ಗಾನ್ ಕತ್ತಿಯಿಂದ ಒಂದು ಗೀರು ಎಳೆದ. ಗಡ್ಡ ಸಮೇತ ನೊರೆ ಬೋಗುಣಿಗೆ ಬಿತ್ತು. ಇನ್ನೊಂದು ಗೀರು, ಅದೂ ಬೋಗುಣಿಗೆ. ಶಾವ್‌ನ ಕೊರಳಪಟ್ಟಿಯ ಮೇಲೆ ಒಂದು ಹನಿ ಇಲ್ಲ. ನೊರೆಯ ನಡುವೆ ಕೆಂಪು ಹೂಗಳು, ಹಿಮದಲ್ಲಿ ಅರಳಿದಂತೆ, ಇಣುಕುತ್ತಿದ್ದವು.

ಗಾನ್ ಕೆಲಸ ನಿಲ್ಲಿಸಿ ಬೋಗುಣಿಯನ್ನೇ ನೋಡಿದ. "ಮೂವತ್ತು ವರ್ಷದಿಂದ ಜನರ ಅಂಗಿಯೊಳಗೆ ನೀರು ಬಿಡ್ತಿದ್ದೀನಿ," ಎಂದ ಮೆಲ್ಲಗೆ. "ಇಷ್ಟು ಸುಲಭದ್ದು ನನಗ್ಯಾಕೆ ಹೊಳೀಲಿಲ್ಲ?"

"ನಮ್ಮ ದೇಶದಲ್ಲಿ ಇದು ಕ್ಷೌರಿಕನ ಪಾತ್ರೆ," ಎಂದ ಪಾದ್ರಿ. ಎಲ್ಲರಿಗೂ ಕೇಳಲೆಂದು ಇನ್ನೊಮ್ಮೆ ಹೇಳಿದ.

ಅಧಿಕಾರಿ ಮೆಂಗ್‌ಗೆ ಇದು ಬೆಳಗ್ಗೆಯೇ ಗೊತ್ತಾಗಿತ್ತಂತೆ. ಶಾವ್‌ನನ್ನು ನಡುಗಿಸುವುದಕ್ಕೇ ಬಾಯಿ ಬಿಡದೆ ಕುಳಿತಿದ್ದರು. ಬಿದಿರಿನ ಏಟು ಹಾಕಿಸಬಹುದಿತ್ತು. ಹಾಕಿಸಿದರೆ ಕಾರಣ ಬರೆಯಬೇಕು. ಬರೆದರೆ ಹಿಟ್ಟಿನ ಮೂಗಿಗೆ ಸರ್ಕಾರಿ ಬಾತುಕೋಳಿ ಸಾರು ಒದಗಿಸಿದವರು ಯಾರು ಎಂಬುದೂ ಬರೆಯಬೇಕಾಗುತ್ತದೆ. ಅವರು ಶಾವ್‌ನನ್ನು ಎಬ್ಬಿಸಿ, ತಾವೇ ಕುರ್ಚಿಯಲ್ಲಿ ಕುಳಿತು, ಕೊರಳು ಚಾಚಿ, "ನೊರೆ ಸ್ವಲ್ಪ ಹೆಚ್ಚಾಗಿ ಇರಲಿ," ಎಂದರು. ನೊರೆಯೊಳಗಿನಿಂದಲೇ ಮೊಹರು ಒಡೆಯಲು ಅಪ್ಪಣೆಯೂ ಆಯಿತು.

ಪಾದ್ರಿ ನಮ್ಮ ಜತೆ ಉಗ್ರಾಣಕ್ಕೆ ಬಂದ. ನಾವು ಬೋಗುಣಿಗಳನ್ನು ಹೊರತಂದು ಅಂಗಳದಲ್ಲಿ ಸಾಲಾಗಿ ಇಟ್ಟೆವು. ಎಲ್ಲವನ್ನೂ ಒಟ್ಟಿಗೆ ಯಾರೂ ನೋಡಿರಲಿಲ್ಲ, ಬರೆದ ಶಾವ್ ಕೂಡ. ಮುನ್ನೂರು ನೀಲಿ ಕೊಳಗಳು, ಒಂದೊಂದರಲ್ಲೂ ಕೆಂಪು, ಚಿನ್ನದ ತೋಟ. ಮಧ್ಯಾಹ್ನದ ಬಿಸಿಲು ಇಳಿದು ಆ ಚಿನ್ನಕ್ಕೆ ತಗುಲಿದಾಗ ಅದರ ಹೊಳಪು ಎದುರುಗೋಡೆಯ ಮೇಲೆ, ನಮ್ಮ ಮುಖಗಳ ಮೇಲೆ ಅಲೆಯಿತು. ಮಣ್ಣು ಕಲಸಿದವರು, ಸೌದೆ ಹೊತ್ತವರು, ಎಲ್ಲರೂ ಬಂದು ಗೋಡೆಗೆ ಒತ್ತಿಕೊಂಡು ನಿಂತರು. ತಮ್ಮ ಕೈಯಿಂದ ಇದು ಆಯಿತೆಂದು ನಂಬಲು ಅವರಿಗೆ ಸ್ವಲ್ಪ ಹೊತ್ತು ಬೇಕಿತ್ತು.

ಪಾದ್ರಿ ಟೋಪಿ ತೆಗೆದು ಸಾಲುಗಳ ನಡುವೆ ನಡೆದ. ಅರ್ಧ ದಾರಿಯಲ್ಲಿ ನಿಂತುಬಿಟ್ಟ.

"ಏನಾಯ್ತು ಅವನಿಗೆ?" ಎಂದು ಫೆಂಗ್ ಅಜ್ಜ ಶಾವ್‌ನನ್ನು ಕೇಳಿದರು. ಅಭ್ಯಾಸಬಲ.

ಶಾವ್ ಬಾಯಿ ತೆರೆದ, ಮುಚ್ಚಿದ. ಆಮೇಲೆ ಹೋಗಿ ಪಾದ್ರಿಯನ್ನೇ ಕೇಳಿದ: "ಸ್ವಾಮಿ, ಏನು ನೋಡ್ತಿದ್ದೀರಿ?"

"ನನ್ನ ಜನಕನು ಕ್ಷೌರಿಕ," ಎಂದ ಪಾದ್ರಿ. "ನಮ್ಮದು ಸಣ್ಣ ಗ್ರಾಮ. ಅವನಲ್ಲಿ ಇದ್ದದ್ದು ತಗಡಿನ ಪಾತ್ರೆ, ಮೂರು ಕಡೆ ಬೆಸುಗೆ. ಶನಿವಾರಗಳಲ್ಲಿ ಹೊಲದಿಂದ ರೈತರು ಬರುವರು. ನಾನು ಪಾತ್ರೆಯನ್ನು ಹಿಡಿಯುವೆನು, ಅವನು ಬೋಳಿಸುವನು. ಇಂಥದೊಂದನ್ನು ಅವನು ಕನಸಿನಲ್ಲಿಯೂ ಕಂಡಿರಲಿಕ್ಕಿಲ್ಲ."

"ಇದ್ದಾರಾ, ನಿಮ್ಮಪ್ಪ?"

"ಹದಿನೆಂಟು ವರ್ಷಗಳಾದವು ನಾನು ಹೊರಟು. ಪತ್ರ ಬರಲು ಎರಡು ವರ್ಷ ಬೇಕು. ಕಡೆಯ ಪತ್ರ ಬರೆದಾಗ ಇದ್ದನು."

ಪಾದ್ರಿ ಆ ಊರಿನ ಬಾವಿ, ಅಂಗಡಿಯ ಬಾಗಿಲು, ಅಪ್ಪನ ಕೈಯ ನಡುಕ, ಎಲ್ಲ ಹೇಳುತ್ತ ಹೋದ. ಶಾವ್ ಬಾಯಿ ಬಿಡದೆ ಕೇಳಿದ. ಅವನು ಅಷ್ಟು ಹೊತ್ತು ಸುಮ್ಮನಿದ್ದದ್ದನ್ನು ನೋಡಲು ಹೆಂಗಸರು ಒಲೆ ಆರಿಸಿ ಬಂದರು.

ಆಮೇಲೆ ಶಾವ್ ಕಾಗದ, ಮಸಿ, ಕುಂಚ ತಂದಿಟ್ಟ. "ಅಪ್ಪನ ಹೆಸರು, ಊರು, ನಿಮ್ಮ ಅಕ್ಷರದಲ್ಲಿ ಬರೆದುಕೊಡಿ. ಆವಿಗೆಗೆ ಹಾಕುವಾಗ ನಾಲ್ಕು ಹೆಚ್ಚೇ ಹಾಕಿರ್ತೀವಿ. ಒಂದರ ತಳದಲ್ಲಿ ಅದನ್ನ ಬರೀತೀನಿ. ಹಡಗು ಹೇಗೂ ನಿಮ್ಮ ಕಡೆಗೇ ಹೋಗ್ತಿದೆ."

ಪಾದ್ರಿ ಕುಂಚವನ್ನು ಮಸಿಯಲ್ಲಿ ಮುಳುಗಿಸಿದ. ಬರೆದುಕೊಟ್ಟ.

ನಾಲ್ಕನೆಯ ದಿನ ಸಣ್ಣ ಒಲೆಯಿಂದ ಬೋಗುಣಿ ಹೊರಬಂತು. ಪಾದ್ರಿ ಅದನ್ನು ಬೋರಲು ಹಾಕಿ ನೋಡಿದ. ಬಿಳಿ ತಳದಲ್ಲಿ ಕೆಂಪಿನ ಎರಡು ಸಾಲು, ನಮಗೆ ಬಳ್ಳಿಯ ಹಾಗೆ ಕಾಣುವ ಅಕ್ಷರಗಳು. ಕೊನೆಯ ಅಕ್ಷರದ ಪಕ್ಕದಲ್ಲಿ ಹುಣಸೆಬೀಜದಷ್ಟು ದೊಡ್ಡ ಚುಕ್ಕಿ, ಅದರ ಸುತ್ತ ಚಿನ್ನದ ಅಂಚು.

"ಈ ಬಿಂದು ಏನು?" ಎಂದು ಕೇಳಿದ.

"ಮಾದರಿಯಲ್ಲಿತ್ತು, ಸ್ವಾಮಿ." ಶಾವ್ ಕಾಗದ ತೋರಿಸಿದ. ಪಾದ್ರಿಯ ಕುಂಚದಿಂದ ಮಸಿಯ ತೊಟ್ಟೊಂದು ಬಿದ್ದು ಹರಡಿತ್ತು. "ಕೂದಲಷ್ಟು ಹೆಚ್ಚಿಲ್ಲ, ಕಮ್ಮಿಯಿಲ್ಲ."

ಪಾದ್ರಿ ನಗಲು ಶುರು ಮಾಡಿದ. ಗಡ್ಡವೆಲ್ಲ ಅಲುಗಿತು. ನಗು ನಡುವೆ ಎಲ್ಲೋ ದಾರಿ ತಪ್ಪಿತು, ಅವನು ಬೋಗುಣಿಯನ್ನು ಎದೆಗೆ ಒತ್ತಿಕೊಂಡ. ಶಾವ್ ಗಾಬರಿಯಾದ. "ತಪ್ಪಾಗಿದ್ರೆ ಕೆರೆದು ತೆಗೀತೀನಿ."

"ಬೇಡ," ಎಂದ ಪಾದ್ರಿ. "ಇರಲಿ. ಅಕ್ಷರ ಕಲಿಯುವಾಗ ನಾನು ಹೀಗೇ ಮಸಿ ಚೆಲ್ಲುವೆನು, ಅವನು ಕಿವಿ ಹಿಂಡುವನು. ಹೆಸರನ್ನು ಯಾರಾದರೂ ಬರೆಯಬಹುದು. ಇದನ್ನು ನೋಡಿದರೆ ಮಗನೇ ಬರೆದದ್ದೆಂದು ತಿಳಿಯುವನು."

ಆ ಬೋಗುಣಿಗೆ ನಾನು ಎರಡು ಸುತ್ತು ಹೆಚ್ಚು ಹುಲ್ಲು ಸುತ್ತಿದೆ. ಮರುದಿನ ಬೆಳಗ್ಗೆ ದೋಣಿ ಹೊಳೆಯ ತಿರುವು ದಾಟಿ ಮರೆಯಾಗುವವರೆಗೆ ಶಾವ್ ಮೆಟ್ಟಿಲ ಮೇಲೆ ನಿಂತಿದ್ದ. ಹೊಸದಾಗಿ ಊರಿಗೆ ಬಂದಿದ್ದ ಹತ್ತಿ ವ್ಯಾಪಾರಿಯೊಬ್ಬ ಅವನ ಪಕ್ಕದಲ್ಲಿ ನಿಂತು, "ಎಲ್ಲಿಗೆ ಹೋಗುತ್ತಣ್ಣ ಆ ದೋಣಿ?" ಎಂದು ಕೇಳಿದ.

"ಒಬ್ಬ ಕ್ಷೌರಿಕನ ಮನೆಗೆ," ಎಂದ ಶಾವ್.